ಅಂಗೈಯ ಕೆಂಪು

ನಮ್ಮ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಅಕ್ಕನದು, ಮಷೀನು ನನ್ನದು. ಅಳತೆ ತೆಗೆದು ಬಟ್ಟೆ ಕತ್ತರಿಸುವುದು ಅವಳ ಕೆಲಸ, ಹೊಲಿದು ಮುಗಿಸುವುದು ನನ್ನದು. ಅವಳ ಕತ್ತರಿ ಆಗಾಗ ತಪ್ಪುತ್ತಿತ್ತು. ಒಂದು ತೋಳು ಅರ್ಧ ಇಂಚು ಗಿಡ್ಡ, ಇಲ್ಲವೇ ಕಾಲರಿನ ಒಂದು ಬದಿ ಅಗಲ. ನಾನು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಳಗಿನಿಂದ ಒಂದು ಪಟ್ಟಿ ಕೊಟ್ಟು, ಮಡಿಕೆ ಬಿಚ್ಚಿ, ಹೇಗೋ ಸರಿಮಾಡಿ ಇಸ್ತ್ರಿ ಎಳೆದುಬಿಡುತ್ತಿದ್ದೆ. ಗಿರಾಕಿಗೂ ತಿಳಿಯುತ್ತಿರಲಿಲ್ಲ, ಅಕ್ಕನಿಗೂ ತಿಳಿಯುತ್ತಿರಲಿಲ್ಲ. ಉಳಿದ ವಿಷಯಗಳಲ್ಲಿ ನನ್ನ ನಾಲಿಗೆ ಎಂಥದ್ದೆಂದರೆ, ಅಕ್ಕ ನನಗಿಟ್ಟ ಹೆಸರೇ ಸೂಜಿ. ಇದೊಂದರಲ್ಲಿ ಮಾತ್ರ ನಾನು ಮೂಗಿ.

ಅದಕ್ಕೆ ಕಾರಣವಿತ್ತು. ನಮ್ಮ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡಳು. ಆ ಬೆಳಿಗ್ಗೆ ನೆಲ ತೊಳೆದವಳು ಅಕ್ಕ. ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ, ಅವಳೇ ಅಂದುಕೊಂಡಳು. ಊಟಕ್ಕೆ ಕೂತಾಗ, ಬಸ್ಸಿಗೆ ಕಾಯುವಾಗ, ಇದ್ದಕ್ಕಿದ್ದಂತೆ "ನೀರು ಒರೆಸಬೇಕಿತ್ತು ಕಣೇ" ಅನ್ನುತ್ತಿದ್ದಳು. ವರ್ಷಗಳು ಕಳೆದರೂ ಅನ್ನುತ್ತಿದ್ದಳು. ಅಂಥವಳಿಗೆ ತೋಳು ಗಿಡ್ಡವಾಗಿದೆ ಎಂದು ಹೇಳುವುದೂ ನನ್ನಿಂದಾಗುತ್ತಿರಲಿಲ್ಲ.

ನನಗೆ ರಕ್ತದ ಕ್ಯಾನ್ಸರ್ ಬಂತು. ಔಷಧಿಗಳು ಸೋತವು. ಬೇರೆಯವರ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲಕೋಶ, ಹಾಕದೆ ವಿಧಿಯಿಲ್ಲ ಎಂದಾಗ, ಹೊಂದಿಕೆಯಾದದ್ದು ಅಕ್ಕನದೇ. ಅವಳು ಕುಣಿದುಬಿಟ್ಟಳು.

"ನೋಡೇ ಸೂಜಿ, ಇನ್ಮೇಲೆ ನಿನ್ನೊಳಗೂ ನನ್ನ ರಕ್ತಾನೇ. ಸ್ವಲ್ಪ ಒಳ್ಳೆ ಬುದ್ಧಿನಾದ್ರೂ ಬರುತ್ತೆ ನಿನಗೆ."

"ಬುದ್ಧಿ ಬಂದ್ರೆ ಬರಲಿ, ನಿನ್ನ ಗೊರಕೆ ಬರದಿದ್ರೆ ಸಾಕು," ಅಂದೆ.

ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. "ಹೊಸ ಕೋಶಗಳು ಒಳಗೆ ಹೋದ್ಮೇಲೆ, ಈ ಮೈ ತಮ್ಮದಲ್ಲ ಅಂತ ಅದರ ಮೇಲೇ ತಿರುಗಿ ಬೀಳಬಹುದು. ಅಂಗೈ, ಅಂಗಾಲು ಕೆಂಪಾದ್ರೆ, ತುರಿಸಿದ್ರೆ, ಭೇದಿ ಶುರುವಾದ್ರೆ, ಆ ಕ್ಷಣವೇ ಹೇಳಬೇಕು. ಬೇಗ ಗೊತ್ತಾದ್ರೆ ಹಿಡಿತಕ್ಕೆ ತರ್ತೀವಿ. ತಡವಾದ್ರೆ ನನ್ನ ಕೈಲಿಲ್ಲ."

"ಅಂದ್ರೆ, ನನ್ನದೇ ಇವಳನ್ನ ತಿನ್ನುತ್ತಾ?" ಅಕ್ಕ ಕೇಳಿದಳು.

"ತಿನ್ನಬಹುದು. ಅದು ನಿಮ್ಮ ತಪ್ಪಲ್ಲ."

ಅಕ್ಕನಿಗೆ ಎರಡನೆಯ ಮಾತು ಕೇಳಿಸಲೇ ಇಲ್ಲ. ಅವಳ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದ ಗತಿ ಏನು ಎಂದು ಎಲ್ಲರೂ ಕೇಳುತ್ತಾರೆ, ಬೇಲಿಯ ಗತಿ ಯಾರೂ ಕೇಳುವುದಿಲ್ಲ. ನಾನು ಆಗಲೇ ಒಳಗೊಳಗೆ ತೀರ್ಮಾನಿಸಿಬಿಟ್ಟೆ. ಹಾಗೇನಾದರೂ ಆದರೆ ಇವಳಿಗೆ ಗೊತ್ತಾಗಬಾರದು.

ನನ್ನನ್ನು ಒಂಟಿ ಕೋಣೆಗೆ ಹಾಕಿದರು. ತೆರೆಯಲಾಗದ ಕಿಟಕಿ, ಸದಾ ಗುಂಯ್‌ಗುಡುವ ಗಾಳಿ ಸೋಸುವ ಯಂತ್ರ, ಮುಖಗವಸಿನ ಮೇಲೆ ಕಣ್ಣು ಮಾತ್ರ ಕಾಣುವ ಜನ. ಮೊದಲು ನನ್ನ ಹಳೆಯ ರಕ್ತವನ್ನು ಬೇರುಸಮೇತ ಕೊಂದರು. ತಲೆಗೂದಲೆಲ್ಲ ಉದುರಿತು, ಬಾಯಿಯ ಚರ್ಮ ಸುಲಿದು ಎಂಜಲು ನುಂಗುವುದೂ ಕಷ್ಟವಾಯಿತು. ಆಮೇಲೆ ಅಕ್ಕನ ಕೋಶಗಳು ಒಂದು ಸಣ್ಣ ಚೀಲದಲ್ಲಿ ಬಂದು ನಳಿಕೆಯಲ್ಲಿ ಸದ್ದಿಲ್ಲದೆ ಇಳಿದವು. ಇಷ್ಟಕ್ಕಾಗಿ ಇಷ್ಟೆಲ್ಲ ಮಾಡಿದರಾ ಅನ್ನಿಸಿತು. ಮನಸ್ಸಿನ ವಿಷಯ ವಿಚಾರಿಸಲು ಒಬ್ಬ ಸಲಹೆಗಾರ್ತಿ ಬರುತ್ತಿದ್ದಳು. "ಹೇಗನ್ನಿಸ್ತಿದೆ?" ಅನ್ನುತ್ತಿದ್ದಳು. "ತಲೆಗೆಣ್ಣೆ ಖರ್ಚು ಉಳೀತು," ಅನ್ನುತ್ತಿದ್ದೆ. ಅವಳು ನಗುತ್ತಿದ್ದಳು. ವಾರ್ಡಿನಲ್ಲೆಲ್ಲ ನಾನು ಗಟ್ಟಿಗಿತ್ತಿ ಎಂದು ಹೆಸರಾಯಿತು. ಆ ಹೆಸರು ಬಿದ್ದರೆ ಮುಗಿಯಿತು, ಆಮೇಲೆ ಅಳಲು ಪುರುಸೊತ್ತೇ ಸಿಗುವುದಿಲ್ಲ. ನಾನು ಬಚ್ಚಲಿಗೆ ಹೋಗಿ ಟವೆಲ್ ಕಚ್ಚಿಕೊಂಡು ಅಳುತ್ತಿದ್ದೆ. ಸಾವಿನ ಭಯ ಒಂದು ಕಡೆ. ಬದುಕಿದರೆ ಅದು ನಾನೇನಾ ಎಂಬ ಭಯ ಇನ್ನೊಂದು ಕಡೆ.

ಅಕ್ಕನ ಕೋಶಗಳು ಬೇರು ಬಿಟ್ಟವು. ಮನೆ ದೂರವೆಂದು ಆಸ್ಪತ್ರೆಯ ಹತ್ತಿರವೇ ಒಂದು ಬಾಡಿಗೆ ಕೋಣೆ ಹಿಡಿದೆವು. ಅಕ್ಕ ಹಿಡಿಕೆ, ಚಿಲಕಗಳನ್ನೆಲ್ಲ ಒರೆಸಿದ್ದೇ ಒರೆಸಿದ್ದು. ನಾನು ತಟ್ಟೆ ಖಾಲಿ ಮಾಡಿದರೆ ಅವಳ ಹೊಟ್ಟೆ ತುಂಬುತ್ತಿತ್ತು. "ನಂದು ಹಿಡೀತು ನೋಡಿ," ಎಂದು ಪಕ್ಕದ ಕೋಣೆಯವರಿಗೂ ಹೇಳಿಕೊಂಡು ಬಂದಳು. ಎಷ್ಟೋ ವರ್ಷಗಳ ಮೇಲೆ ಅವಳು ಕೆಲಸ ಮಾಡುತ್ತಾ ಗುನುಗುವುದನ್ನು ಕೇಳಿದೆ.

ತಪಾಸಣೆ ಮುಗಿಸಿ ಬಂದ ಮರುದಿನವೇ ಅಂಗೈ ತುರಿಸಲು ಶುರುವಾಯಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಸುಟ್ಟ ಹಾಗೆ ಕೆಂಪು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಏನೆಂದು ನನಗೆ ಗೊತ್ತಿತ್ತು. ಮುಂದಿನ ತಪಾಸಣೆ ವಾರದ ಮೇಲೆ. ಅಲ್ಲಿಯವರೆಗೆ ತಳ್ಳಿದರೆ ಡಾಕ್ಟರಮ್ಮನಿಗೆ ಒಬ್ಬಳೇ ಸಿಕ್ಕು ಹೇಳಬಹುದು, ಮಾತ್ರೆ ತಗೊಂಡು ಅಕ್ಕನ ಕಿವಿಗೆ ಬೀಳದಂತೆ ಸರಿಮಾಡಿಕೊಳ್ಳಬಹುದು. ತೋಳಿಗೆ ಪಟ್ಟಿ ಕೊಟ್ಟ ಹಾಗೆ.

ಚಳಿ ಎಂದು ಕೈಗವಸು ಹಾಕಿಕೊಂಡೆ. ಭೇದಿ ಶುರುವಾದಾಗ ಸದ್ದು ಕೇಳಿಸದಿರಲಿ ಎಂದು ನಲ್ಲಿ ಜೋರಾಗಿ ತಿರುಗಿಸಿಡುತ್ತಿದ್ದೆ.

"ಏನೇ ಅದು, ಬಚ್ಚಲಲ್ಲಿ ಸಂಸಾರ ಹೂಡಿದ್ದೀಯ?" ಅಕ್ಕ ಹೊರಗಿನಿಂದ ಕೂಗಿದಳು.

"ನಿನ್ನ ರಕ್ತ ಅಲ್ವಾ, ಶುಚಿ ಜಾಸ್ತಿ," ಅಂದೆ ಒಳಗಿನಿಂದ, ಗೋಡೆ ಹಿಡಿದುಕೊಂಡು. ಅವಳು ನಕ್ಕಳು. ಆ ನಗು ಕೇಳಿ, ಇನ್ನೆರಡು ದಿನ ತಡೆದೇನು ಅನ್ನಿಸಿತು.

ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ರಕ್ತವೇ ಹೋಯಿತು. ಬಾಗಿಲ ಚಿಲಕ ತೆಗೆದದ್ದಷ್ಟೇ ನೆನಪು. ಆಮೇಲೆ ಆಸ್ಪತ್ರೆಯ ಮಂಚ, ಕೈಗವಸು ಕತ್ತರಿಸಿ ತೆಗೆಯುತ್ತಿರುವ ಸಿಸ್ಟರ್, ಸುಲಿದು ಬರುತ್ತಿದ್ದ ನನ್ನ ಚರ್ಮ.

"ಯಾವಾಗಿಂದ?" ಎಂದರು ಡಾಕ್ಟರಮ್ಮ. ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕರುಳಿಗೆ ಇಳಿದಿದೆ. ಈಗ ನಿಮ್ಮ ಅಕ್ಕನ ಕೋಶಗಳನ್ನ ಅದುಮಬೇಕು. ಜಾಸ್ತಿ ಅದುಮಿದ್ರೆ ಸೋಂಕು, ಹಳೇ ಕಾಯಿಲೆ ಎರಡೂ ಕಾದು ಕೂತಿವೆ. ನೋಡೋಣ." ಅಷ್ಟು ಹೇಳಿ ಹೊರಗೆ ಹೋಗಿ ಅಕ್ಕನಿಗೂ ಹೇಳಿದರು. ಗಾಜಿನಾಚೆ ಅಕ್ಕ ತಲೆಯಾಡಿಸುತ್ತಿದ್ದುದು ಕಾಣಿಸಿತು. ಆಮೇಲೆ ಅವಳು ಕಾಣಿಸಲಿಲ್ಲ.

ಒಗೆದ ಬಟ್ಟೆ ಮಾತ್ರ ದಿನವೂ ಬರುತ್ತಿತ್ತು. ಸಿಸ್ಟರನ್ನು ಕೇಳಿದೆ.

"ಬಾಗಿಲವರೆಗೆ ಬಂದು ಕೊಟ್ಟು ಹೋಗ್ತಾರೆ. ಒಳಗೆ ಬನ್ನಿ ಅಂದ್ರೆ, ನಾನು ಮಾಡಿದ್ದು ಸಾಕು ಅಂತಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಯಾವುದು ಆಗಬಾರದೆಂದು ನಾನು ಕರುಳು ಹರಿದುಕೊಂಡೆನೋ ಅದೇ ಆಗಿ ಕೂತಿತ್ತು. ಫೋನ್ ಹಚ್ಚಿದೆ.

"ಹೇಗಿದ್ದೀಯ?" ಅಂದಳು ಅಕ್ಕ, ಸಣ್ಣ ಧ್ವನಿಯಲ್ಲಿ.

ಚೆನ್ನಾಗಿದ್ದೀನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಚೆನ್ನಾಗಿಲ್ಲ. ಹೊಟ್ಟೆ ಕಿವುಚಿ ಹಿಂಡಿದ ಹಾಗಾಗ್ತಿದೆ. ನಿದ್ದೆ ಇಲ್ಲ. ಹೆದರಿಕೆ ಆಗ್ತಿದೆ ಅಕ್ಕ. ಹೌದು, ನಿಂದೇ ನನ್ನ ತಿಂತಿದೆ. ಅದನ್ನ ಬಿಟ್ರೆ ನನ್ನೊಳಗೆ ಬೇರೆ ಏನೂ ಉಳಿದಿಲ್ಲ. ಬಾ."

ಅವಳು ಬಂದಳು. ಮುಖಗವಸು, ನಿಲುವಂಗಿ ಹಾಕಿಕೊಂಡು ಮಂಚದ ಪಕ್ಕ ನಿಂತಳು. ನಾನು ಅಂಗೈ ಬಿಚ್ಚಿ ತೋರಿಸಿದೆ. ಅಳುತ್ತಾಳೆ ಎಂದುಕೊಂಡಿದ್ದೆ, ಅವಳು ಬಗ್ಗಿ ಬೆರಳು ಬೆರಳೂ ನೋಡಿದಳು.

"ಯಾಕೆ ಹೇಳಲಿಲ್ಲ?"

"ನೀನು ತಡ್ಕೊಳಲ್ಲ ಅಂತ."

"ನಾನು ತಡ್ಕೊಳಲ್ಲ ಅಂತ ನಿನಗ್ಯಾರು ಹೇಳಿದ್ರು?" ಅವಳ ಧ್ವನಿ ಏರಲಿಲ್ಲ. "ಅಮ್ಮ ಬಿದ್ದಾಗ ನಾನು ಬರೋ ಹೊತ್ತಿಗೆ ಎಲ್ಲ ಮುಗಿದುಹೋಗಿತ್ತು. ಈ ಸಲ ಹೊತ್ತಿತ್ತು ಕಣೇ. ನೀನು ಒಂದು ಮಾತು ಹೇಳಿದ್ರೆ ಅವತ್ತೇ ನಿನ್ನ ಎತ್ಕೊಂಡು ಓಡಿ ಬರ್ತಿದ್ದೆ. ಒಂದೇ ಒಂದು ಸಲ ನಾನು ಉಳಿಸಬಹುದಿತ್ತು. ಅದನ್ನೂ ನನ್ನ ಕೈಯಿಂದ ಕಿತ್ಕೊಂಡೆ."

ಇಷ್ಟು ದಿನ ನಾನು ಮುಚ್ಚಿದ್ದು ಅವಳ ತಪ್ಪನ್ನು ಎಂದುಕೊಂಡಿದ್ದೆ, ಮುಚ್ಚಿದ್ದು ಅವಳು ಅದನ್ನು ತಿದ್ದಿಕೊಳ್ಳುವ ದಾರಿಯನ್ನು.

ಅಕ್ಕ ಮುಲಾಮಿನ ಮುಚ್ಚಳ ತೆಗೆದು ನನ್ನ ಅಂಗಾಲಿಗೆ ಹಚ್ಚತೊಡಗಿದಳು. ಪ್ರಾಣ ಹೋಗುವಷ್ಟು ಉರಿ. ಹಲ್ಲು ಕಚ್ಚಿ ಸುಮ್ಮನಿದ್ದೆ. ಅವಳು ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಾ ನಿಂತಳು.

"ಉರೀತಿದೆ," ಅಂದೆ.

"ಹೂಂ. ಹೇಳ್ತಾ ಇರು," ಅಂದಳು.