ಮುಂದಿನೂರಿನ ಪಾಸು

ಆ ಊರಿಗೆ ಇತಿಹಾಸ ಅಂತ ಒಂದಿದ್ದರೆ ಅದು ಇಷ್ಟೇ: ಒಂದು ಕಾಲದಲ್ಲಿ ರೈಲಿನ ಇಂಜಿನ್ನಿಗೆ ಅಲ್ಲಿ ಬಾಯಾರಿಕೆಯಾಗುತ್ತಿತ್ತು. ನಗರದಿಂದ ಹೊರಟ ಉಗಿ ಇಂಜಿನ್ನಿನ ನೀರು ಸರಿಯಾಗಿ ಆ ಬೋಳು ಬಯಲಿಗೆ ಬರುವಷ್ಟರಲ್ಲಿ ಮುಗಿಯುತ್ತಿತ್ತು ಎಂದು ಅಲ್ಲೊಂದು ಟ್ಯಾಂಕು ಕಟ್ಟಿದರು. ಟ್ಯಾಂಕು ಕಾಯಲು ಒಬ್ಬ ಬಂದ, ಕಲ್ಲಿದ್ದಲು ಸುರಿಯಲು ಹತ್ತು ಜನ ಬಂದರು, ಆ ಹತ್ತು ಜನರನ್ನು ಬೈಯಲು ಒಬ್ಬ ಮೇಸ್ತ್ರಿ ಬಂದ. ಆಮೇಲೆ ವ್ಯಾಗನ್ ರಿಪೇರಿಯ ಶೆಡ್ಡು, ಶೆಡ್ಡಿನವರಿಗೆ ಸಾಲುಮನೆ. ಉಗಿ ಹೋಗಿ ಕರೆಂಟು ಬಂದ ಮೇಲೆ ಶೆಡ್ಡು ಮುಚ್ಚಿತು. ಮಾನ ಮರ್ಯಾದೆ ಇದ್ದ ಊರಾಗಿದ್ದರೆ ಅಲ್ಲಿಗೇ ಗಂಟುಮೂಟೆ ಕಟ್ಟುತ್ತಿತ್ತು. ಇದು ಕಟ್ಟಲಿಲ್ಲ. ನಗರದಲ್ಲಿ ಕಾಲು ಚಾಚಲು ಜಾಗ ಸಿಗದವರೆಲ್ಲ ಇಲ್ಲಿಗೆ ಬಂದು ಕಾಲು ಚಾಚಿದರು. ಈಗ ಹತ್ತು ಸಾವಿರ ಜನ. ಬೆಳಗಾಗುತ್ತಲೇ ಎದ್ದು ರೈಲು ಹತ್ತುತ್ತಾರೆ, ಸಂಜೆ ಬಂದು ಮಲಗುತ್ತಾರೆ. ಇದನ್ನು ಊರು ಅನ್ನುವುದಕ್ಕಿಂತ ಹಾಸಿಗೆ ಅನ್ನುವುದು ವಾಸಿ.

ಇದು ಟಿಕೆಟ್ ಕಿಟಕಿಯ ಅಕ್ಕ ಹೇಳುತ್ತಿದ್ದ ಇತಿಹಾಸ. ಮೂವತ್ತೆರಡು ವರ್ಷದಿಂದ ಆ ಸ್ಟೇಷನ್ನಿನ ಒಂದೇ ಒಂದು ಕಿಟಕಿಯ ಹಿಂದೆ ಕುಳಿತು ಊರಿನವರ ಮುಖ ನೋಡಿ ಸಾಕಾದವಳು ಅವಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು, ಕೆಲಸ ಆಗಬೇಕಲ್ಲ. ಕಿಟಕಿಯ ಕಂಡಿ ತೀರಾ ಕೆಳಗಿತ್ತು. ಎಂಥ ದೊಡ್ಡ ಮನುಷ್ಯನೂ ಸೊಂಟ ಬಗ್ಗಿಸದೆ ಪಾಸು ಕೇಳುವಂತಿರಲಿಲ್ಲ. ಎತ್ತರಿಸಿ ಕೊಡುತ್ತೇವೆ ಎಂದು ಮೇಲಿನವರು ಎರಡು ಸಲ ಕೇಳಿದ್ದರು. ಎರಡು ಸಲವೂ ಅವಳು ಬೇಡವೆಂದಳು.

ಬಗ್ಗಿದವರು ಕೇಳುತ್ತಿದ್ದುದು ಏನನ್ನು? ಮುಂದಿನೂರಿನ ಪಾಸನ್ನು. ಮುಂದಿನ ಸ್ಟೇಷನ್ ಮೂರು ಮೈಲಿ ಆಚೆ. ಅಲ್ಲೊಂದು ಕೆರೆ, ಕೆರೆಯ ಸುತ್ತ ಬಿಳಿ ಗೇಟಿನ ಮನೆಗಳು, ಸಂಜೆ ನಾಯಿ ಹಿಡಿದುಕೊಂಡು ತಿರುಗಾಡುವ ಜನ. ರೈಲ್ವೆಯ ಪಟ್ಟಿಯಲ್ಲಿ ಈ ಊರಿಗೂ ಆ ಊರಿಗೂ ಒಂದೇ ದರ. ಯಾವ ಕಾಲದಲ್ಲೋ ಒಬ್ಬ ಗುಮಾಸ್ತನನ್ನು ಅವನ ಸಾಹೇಬರು "ಎಲ್ಲಿ ಮನೆ" ಎಂದು ಕೇಳಿದರಂತೆ, ಅವನು ನಾಲಿಗೆ ಕಚ್ಚಿಕೊಂಡು ಮುಂದಿನೂರು ಎಂದನಂತೆ, ಮಾರನೆಯ ತಿಂಗಳು ಪಾಸನ್ನೂ ಹಾಗೇ ಮಾಡಿಸಿಕೊಂಡನಂತೆ. ಅಲ್ಲಿಂದ ಅಂಟುರೋಗ. ಪಾಸಿನ ಮೇಲೆ ಊರಿನ ಹೆಸರು ದಪ್ಪಕ್ಷರದಲ್ಲಿ ಬರುತ್ತದೆ, ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಆಫೀಸಿನಲ್ಲಿ ಓಡಾಡುತ್ತಾರೆ. ಪಾಸು ಮುಂದಿನೂರಿನದು, ಇಳಿಯುವುದು ಒಂದು ಸ್ಟೇಷನ್ ಮೊದಲು. ಕಾನೂನಿನ ಪ್ರಕಾರ ತಪ್ಪೇನಿಲ್ಲ. ಅಕ್ಕ ಮೂಗು ಮುರಿಯುತ್ತಲೇ ಕೊಡುತ್ತಿದ್ದಳು.

"ನಮ್ಮ ಮನೇಲಿ ಮಾತ್ರ ಈ ದರಿದ್ರ ಇಲ್ಲಪ್ಪ" ಎನ್ನುವುದು ಅವಳ ಜಂಭ. ಮನೆ ಎಂದರೆ ಹಳೆಯ ಸಾಲುಮನೆಯ ಕೊನೆಯದು, ಇಬ್ಬರೇ: ಅವಳು ಮತ್ತು ಅವಳ ತಂಗಿ. ತಾಯಿ ತೀರಿಕೊಂಡಾಗ ತಂಗಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೆಂಟು. ಶೆಡ್ಡಿನ ಫಿಟ್ಟರ್ ಆಗಿದ್ದ ಅಪ್ಪ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ತಲೆ ಬಾಚಿ, ಲೆಕ್ಕ ಹೇಳಿಕೊಟ್ಟು, ಜ್ವರ ಬಂದಾಗ ಪಕ್ಕದಲ್ಲಿ ಕುಳಿತು ಬೆಳೆಸಿದ್ದು ಅಕ್ಕನೇ. ತನಗೊಂದು ಮದುವೆ ಅಂತ ಅವಳು ಯೋಚಿಸಲೇ ಇಲ್ಲ. ತಂಗಿಗೀಗ ನಲವತ್ತು. ನಗರದ ವಿಮಾ ಕಚೇರಿಯಲ್ಲಿ ಕೆಲಸ. ಪಾಸನ್ನು ಕಚೇರಿಯವರೇ ಎಲ್ಲರಿಗೂ ಒಟ್ಟಿಗೆ ತರಿಸಿಕೊಡುತ್ತಿದ್ದರು, ಊರಿಗೆ ಬಂದರೆ ಅದು ಅವಳ ಬ್ಯಾಗಿನೊಳಗೇ ಇರುತ್ತಿತ್ತು. ಸಂಜೆ ಐದೂ ನಲವತ್ತರ ರೈಲಿನಿಂದ ಅವಳು ಇಳಿದಾಗ ಅಕ್ಕ ಕಿಟಕಿ ಮುಚ್ಚುತ್ತಿದ್ದಳು. ಇಬ್ಬರೂ ಜೊತೆಯಲ್ಲಿ ಮನೆಗೆ ನಡೆಯುತ್ತಿದ್ದರು. ಊಟಕ್ಕೆ ಕುಳಿತಾಗ ಅಕ್ಕ ಆ ದಿನ ಕಿಟಕಿಗೆ ಬಂದವರ ಬಡಾಯಿಯನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಳು, ಅವರ ದನಿಯಲ್ಲೇ, ಅವರ ಮುಖ ಮಾಡಿ. ತಂಗಿ ನಗುತ್ತಿದ್ದಳು. ದಿನದಲ್ಲಿ ಅಕ್ಕನಿಗೆ ಬೇಕಾಗಿದ್ದುದು ಆ ಒಂದು ಗಂಟೆ, ಅದಕ್ಕಾಗಿಯೇ ಉಳಿದದ್ದನ್ನೆಲ್ಲ ಸಹಿಸುತ್ತಿದ್ದಳು.

ಹೀಗಿರುವಾಗ ರೈಲ್ವೆಯಿಂದ ಕಾಗದ ಬಂತು. ದಾಖಲೆಯ ಪ್ರಕಾರ ಈ ಊರಿನ ಹೆಸರಿನಲ್ಲಿ ತಿಂಗಳಿಗೆ ಮಾರಾಟವಾಗುವ ಪಾಸು ಐವತ್ತು ಕೂಡ ಇಲ್ಲ. ಇಷ್ಟು ಕಡಿಮೆ ಜನಕ್ಕೆ ರೈಲು ನಿಲ್ಲಿಸುವುದು ದಂಡ. ಮುಂದಿನ ವೇಳಾಪಟ್ಟಿಯಿಂದ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಗಾಡಿ ಬಿಟ್ಟರೆ ಬೇರೆ ಯಾವುದೂ ಇಲ್ಲಿ ನಿಲ್ಲುವುದಿಲ್ಲ. ಆಕ್ಷೇಪವಿದ್ದರೆ ಬರುವ ತಿಂಗಳ ಲೆಕ್ಕ ನೋಡಿ ತೀರ್ಮಾನಿಸಲಾಗುವುದು. ಎರಡು ಸಾವಿರ ಪಾಸು ಕಂಡರೆ ಹಳೆಯ ವ್ಯವಸ್ಥೆಯೇ ಮುಂದುವರಿಯುತ್ತದೆ.

ಅಕ್ಕ ಅದನ್ನು ಓದಿ ಮೊದಲು ನಕ್ಕಳು. ಆಮೇಲೆ ಐದೂ ನಲವತ್ತರ ಗಾಡಿಯ ನೆನಪಾಯಿತು, ನಗು ನಿಂತಿತು. ಅದು ನಿಲ್ಲದಿದ್ದರೆ ತಂಗಿ ಎಷ್ಟು ದಿನ ಒದ್ದಾಡಿಯಾಳು? ನಗರದಲ್ಲೋ ಮತ್ತೆಲ್ಲೋ ಒಂದು ರೂಮು ಹಿಡಿಯುತ್ತಾಳೆ. ಅಕ್ಕ ಕಾಗದವನ್ನು ಮತ್ತೆ ಮೊದಲಿನಿಂದ ಓದಿದಳು.

ಮಾರನೆಯ ದಿನ ನಿವೃತ್ತ ಮೇಷ್ಟ್ರು ಬಂದರು. ಊರಿನಲ್ಲಿ ಅರ್ಜಿ, ಸಂತಾಪ, ಬಿನ್ನವತ್ತಳೆ ಏನೇ ಬರೆಯುವುದಿದ್ದರೂ ಅವರೇ. ಸೊಂಟ ಬಗ್ಗಿಸಿ ಕಂಡಿಯೊಳಗೆ ಹನ್ನೆರಡು ಹಾಳೆ ತೂರಿಸಿದರು.

"ನಮ್ಮೂರಿನ ಇತಿಹಾಸ ಬರ್ದಿದೀನಿ ಅಕ್ಕ. ಇದನ್ನ ಓದಿದ್ರೆ ರೈಲ್ವೆಯವರು ಸುಮ್ನೆ ತೆಪ್ಪಗಾಗ್ತಾರೆ."

ಅಕ್ಕ ಮೊದಲ ಹಾಳೆ ನೋಡಿದಳು. ಪುರಾತನ ನಗರ, ಜಲಕ್ಷೇತ್ರ, ವಿದ್ವಾಂಸರ ಬೀಡು.

"ಜಲಕ್ಷೇತ್ರ ಅಂದ್ರೆ ಆ ಟ್ಯಾಂಕಾ ಮೇಷ್ಟ್ರೇ?"

"ಹಾಗೇ ಅಂತಲ್ಲ, ಒಂದು ಅರ್ಥದಲ್ಲಿ..."

"ವಿದ್ವಾಂಸರು ಯಾರು? ಕಲ್ಲಿದ್ದಲು ಸುರಿತಿದ್ರಲ್ಲ, ಅವರಾ?"

ಮೇಷ್ಟ್ರು ಕೆಮ್ಮಿದರು. ಅಕ್ಕ ಹಾಳೆಗಳನ್ನು ಹಿಂದಕ್ಕೆ ತಳ್ಳಿದಳು. "ಇತಿಹಾಸಕ್ಕೆ ರೈಲು ನಿಲ್ಲಲ್ಲ, ಪಾಸಿಗೆ ನಿಲ್ಲುತ್ತೆ. ನಿಮ್ಮ ಜನಕ್ಕೆ ಹೇಳಿ, ಒಂದನೇ ತಾರೀಕು ಬಂದು ಬಾಯಿಬಿಟ್ಟು ನಮ್ಮೂರಿನ ಹೆಸರು ಹೇಳ್ಲಿ. ಬೇರೇನೂ ಬೇಡ. ಇಷ್ಟು ದಿನ ಊರಿದ್ದೂ ಇಲ್ಲದ ಹಾಗೆ ಮಾಡಿದ್ದು ಯಾರು ಅಂತ ಅವರವರ ಕುತ್ತಿಗೆ ನೋಡ್ಕೊಂಡ್ರೆ ಗೊತ್ತಾಗುತ್ತೆ."

ಶಾಲೆಯ ಸಭಾಂಗಣದಲ್ಲಿ ದೊಡ್ಡ ಸಭೆಯಾಯಿತು. ಮೇಷ್ಟ್ರು ಹನ್ನೆರಡು ಹಾಳೆಯನ್ನೂ ಓದಿದರು, ಜನ ಕಣ್ಣು ಒದ್ದೆ ಮಾಡಿಕೊಂಡು ಕೇಳಿದರು. ಹುಟ್ಟಿದೂರು, ನಮ್ಮ ಮಣ್ಣು, ನಮ್ಮ ಹೆಮ್ಮೆ ಎಂದು ಒಬ್ಬರ ಮೇಲೊಬ್ಬರು ಎದ್ದು ಮಾತಾಡಿದರು. ಮುಕ್ಕಾಲು ಪಾಲು ಜನರ ಕುತ್ತಿಗೆಯಲ್ಲಿ ಆಗಲೂ ಮುಂದಿನೂರಿನ ಪಾಸು ನೇತಾಡುತ್ತಿತ್ತು. ಕೊನೆಗೆ ಎಲ್ಲರೂ ಕೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದರು: ಒಂದನೇ ತಾರೀಕು ನಮ್ಮೂರಿನ ಕಿಟಕಿಯಲ್ಲಿ, ನಮ್ಮೂರಿನ ಪಾಸು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅಕ್ಕ ಪಕ್ಕದಲ್ಲಿದ್ದ ತಂಗಿಗೆ, "ನೀನೂ ಈ ಸಲ ಆಫೀಸಿನವರ ಕೈಲಿ ತರಿಸ್ಕೋಬೇಡ. ಕಿಟಕಿಗೆ ಬಂದು ಸಾಲಲ್ಲಿ ನಿಲ್ಲು. ನಾಲ್ಕು ಜನ ನೋಡ್ಲಿ" ಎಂದಳು. ತಂಗಿ, "ನಾನ್ಯಾಕೆ ಅಕ್ಕಾ, ಅಲ್ಲೇ ತಗೊಂಡ್ರೆ ಆಗಲ್ವಾ?" ಎಂದಳು. ಆಗುವುದಿಲ್ಲ ಎಂದಳು ಅಕ್ಕ.

ಒಂದನೇ ತಾರೀಕು ಸಾಲು ಸ್ಟೇಷನ್ ಗೇಟು ದಾಟಿ ಶೆಡ್ಡಿನ ಗೋಡೆಯವರೆಗೂ ಹೋಗಿತ್ತು. ಅಕ್ಕನಿಗೆ ಸ್ವಲ್ಪ ನಾಚಿಕೆಯೂ ಆಯಿತು. ಈ ಜನವನ್ನು ಇಷ್ಟು ವರ್ಷ ಸುಮ್ಮನೆ ಹಳಿದೆನೇ ಎನಿಸಿತು. ಶಾಯಿ, ಸೀಲು ಸರಿಮಾಡಿಕೊಂಡು ಕಿಟಕಿ ತೆರೆದಳು.

ಮೊದಲನೆಯವನು ಬ್ಯಾಂಕಿನ ಗುಮಾಸ್ತ. ಬಗ್ಗಿದ. ಇನ್ನೂ ಬಗ್ಗಿದ. ಕಂಡಿಯೊಳಗೆ ಮೂಗು ಬಂತು.

"ಅಕ್ಕ, ಎಲ್ಲರೂ ನಮ್ಮೂರಿಂದೇ ತಗೋತಾರಲ್ಲ, ನಂದೊಂದು ಮಾಮೂಲಿ ಮುಂದಿನೂರಿಂದೇ ಕೊಟ್ಬಿಡಿ. ಮ್ಯಾನೇಜರ್ ನಮ್ಮನೇಗೆ ಬರ್ತೀನಿ ಅಂತಿದಾರೆ. ಒಂದರಿಂದ ಏನಾಗುತ್ತೆ?"

ಕೇಳಿದ ಊರಿನ ಪಾಸು ಕೊಡಬೇಕಾದದ್ದು ಕಿಟಕಿಯ ನಿಯಮ. ಕೊಟ್ಟಳು. ಅವನು ನೆಟ್ಟಗಾಗಿ, ಹಿಂದಿನವರ ಕಡೆ ತಿರುಗಿ, "ನಮ್ಮೂರು ಅಂದ್ರೆ ನಮ್ಮೂರೇ" ಎಂದು ದೊಡ್ಡದಾಗಿ ಹೇಳಿ ಪಾಸನ್ನು ಜೇಬಿಗಿಳಿಸಿ ಹೋದ. ಎರಡನೆಯವಳು ಮಗಳ ಕಾಲೇಜಿನ ನೆಪ ಹೇಳಿದಳು. ಮೂರನೆಯವನು ನೆಪವನ್ನೂ ಹೇಳಲಿಲ್ಲ, ಕಣ್ಣು ಹೊಡೆದ. ಹತ್ತು ಗಂಟೆಯ ಹೊತ್ತಿಗೆ ನೂರಾರು ಮೂಗುಗಳು ಬಂದು ಹೋಗಿದ್ದವು, ಎಲ್ಲವೂ ಪಿಸುಗುಟ್ಟಿದ್ದು ಒಂದೇ ಮಾತು: ನಂದೊಂದರಿಂದ ಏನಾಗುತ್ತೆ. ನಿಜವಾಗಿ ನಮ್ಮೂರಿನ ಹೆಸರು ಹೇಳಿದವರು ಊರಿಗೆ ಹೊಸದಾಗಿ ಬಂದವರು, ಇನ್ನೂ ಪದ್ಧತಿ ತಿಳಿಯದವರು.

ಮೇಷ್ಟ್ರೂ ಬಂದರು. ಮಗನ ಪಾಸು.

"ನೀವೂ ಅದನ್ನೇ ಹೇಳ್ಬೇಡಿ ಮೇಷ್ಟ್ರೇ" ಎಂದಳು ಅಕ್ಕ.

"ಹುಡುಗನಿಗೆ ಸಂಬಂಧ ನೋಡ್ತಿದೀವಿ ಅಕ್ಕ. ಈ ಒಂದು ತಿಂಗಳು ಕಳೀಲಿ. ನಾನು ಇತಿಹಾಸ ಬರ್ದುಕೊಟ್ಟಿದೀನಲ್ಲ."

ಥೂ ನಿಮ್ಮ ಜನ್ಮಕ್ಕೆ, ಎಂದುಕೊಂಡು ಅಕ್ಕ ಸೀಲು ಗುದ್ದಿದಳು. ಇವರಿಗೆ ರೈಲು ನಿಲ್ಲದಿದ್ದರೇ ಸರಿ, ನಡೆದು ಸಾಯಲಿ ಎನಿಸಿತು. ತಕ್ಷಣ ತಂಗಿಯ ನೆನಪಾಗಿ ಆ ಶಾಪವನ್ನು ಹಿಂದಕ್ಕೆ ತೆಗೆದುಕೊಂಡಳು.

ಹನ್ನೊಂದಕ್ಕೆ, ಅರ್ಧ ದಿನ ರಜೆ ಹಾಕಿದ್ದ ತಂಗಿಯ ಸರದಿ ಬಂತು. ಅಕ್ಕ ಸಾಲಿನವರಿಗೆಲ್ಲ ಕೇಳಿಸುವ ಹಾಗೆ, "ಹಳೇ ಪಾಸು ಕೊಡು, ಹೊಸದು ತಗೋ. ನೋಡಿ ಕಲೀರಿ ಎಲ್ಲರೂ" ಎಂದಳು. ಹಳೆಯದನ್ನು ಒಪ್ಪಿಸದೆ ಹೊಸದು ಕೊಡುವಂತಿಲ್ಲ. ತಂಗಿ ಪಾಸನ್ನು ಮಗುಚಿ ಕಂಡಿಯೊಳಗೆ ಸರಿಸಿದಳು. ಅಕ್ಕ ತಿರುಗಿಸಿ ನೋಡಿದಳು. ದಪ್ಪಕ್ಷರದಲ್ಲಿ ಮುಂದಿನೂರು.

ಎಲ್ಲರೂ ಬಗ್ಗಿ ಮಾತಾಡುವ ಕಂಡಿಯಲ್ಲಿ ತಂಗಿ ಬಗ್ಗಲಿಲ್ಲ. ಅವಳ ಬ್ಯಾಗು ಹಿಡಿದ ಕೈ ಮಾತ್ರ ಕಾಣುತ್ತಿತ್ತು. ಬೈಯಬೇಕೆಂದರೆ ಸಾಲಿನವರೆಲ್ಲ ಕಿವಿ ನಿಮಿರಿಸಿಕೊಂಡು ನಿಂತಿದ್ದರು. ನಮ್ಮೂರಿನ ಪಾಸನ್ನೇ ಗುದ್ದಿ ಕೊಟ್ಟುಬಿಡಲೇ ಎಂದು ಅಕ್ಕ ಒಂದು ಕ್ಷಣ ಯೋಚಿಸಿದಳು. ನಾಳೆ ಆಫೀಸಿನಲ್ಲಿ ಅದನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡುವುದು ಕಣ್ಣಿಗೆ ಕಟ್ಟಿತು. ಹೋಗಲಿ, ಇವಳದೊಂದರಿಂದ ಏನಾಗುತ್ತೆ, ಎಂದುಕೊಂಡು ಮುಂದಿನೂರಿನ ಪಾಸು ಕೊಟ್ಟಳು. ಹಾಗೆಂದುಕೊಂಡದ್ದು ಯಾರ ಮಾತು ಎಂಬುದು ಅವಳಿಗೆ ಹೊಳೆದದ್ದು ಮುಂದಿನ ಮೂಗು ಬಂದು ಅದನ್ನೇ ಹೇಳಿದಾಗ.

ಆ ಸಂಜೆ ಊಟಕ್ಕೆ ಕುಳಿತಾಗ ಅಕ್ಕ ಯಾರ ಮುಖವನ್ನೂ ಮಾಡಲಿಲ್ಲ. ತಿಂಗಳ ಕೊನೆಗೆ ಲೆಕ್ಕ ಹೋಯಿತು: ಮಾರಿದ ಪಾಸು ಎರಡು ಸಾವಿರದ ಒಂಬೈನೂರು, ಅದರಲ್ಲಿ ಈ ಊರಿನದು ನಲವತ್ತಾರು. ಮೇಲಿನ ಅಧಿಕಾರಿ ಇಂಥ ಊರನ್ನು ಕಂಡಿರಲಿಲ್ಲವೋ ಏನೋ, ಫೋನ್ ಮಾಡಿ, "ಅಲ್ಲಿ ನಿಜವಾಗಿ ಜನ ಇದ್ದಾರೇನಮ್ಮಾ?" ಎಂದು ಕೇಳಿದ. ಅಕ್ಕ, "ಇದ್ದಾರೆ ಅಂತ ಅವರೇ ಒಪ್ಪಲ್ಲ ಸಾರ್" ಎಂದಳು.

ಹೊಸ ವೇಳಾಪಟ್ಟಿಯ ಮೊದಲ ದಿನ ಅಕ್ಕ ಪ್ಲಾಟ್‌ಫಾರ್ಮಿಗೆ ಬಂದು ನಿಂತಳು. ಐದೂ ನಲವತ್ತರ ಗಾಡಿ ವೇಗ ತಗ್ಗಿಸದೆ ಬಂತು. ಬಾಗಿಲು ಬಾಗಿಲಲ್ಲೂ ಜನ ಜೋತುಬಿದ್ದಿದ್ದರು, ತಮ್ಮ ಮನೆ, ತಮ್ಮ ಬೀದಿ ಕಣ್ಣೆದುರೇ ಹಿಂದಕ್ಕೆ ಓಡುವುದನ್ನು ಬಾಯಿ ತೆರೆದು ನೋಡುತ್ತಿದ್ದರು. ಎಲ್ಲರನ್ನೂ ಅದು ಅವರವರ ಪಾಸಿನಲ್ಲಿ ಬರೆದಿದ್ದ ಊರಿಗೇ ಮುಟ್ಟಿಸಿತು. ಬೇರೆ ದಿನವಾಗಿದ್ದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾಲ್ಕನೆಯ ಡಬ್ಬಿಯ ಕಿಟಕಿಯಲ್ಲಿ ತಂಗಿಯ ಮುಖವೂ ಸರಿದುಹೋಯಿತು. ದೀಪ ಹಚ್ಚುವ ಹೊತ್ತಿಗೆ ಮೂರು ಮೈಲಿ ನಡೆದ ಮೆರವಣಿಗೆ ಊರಿನೊಳಗೆ ಬಂತು, ಮುಂದಿನೂರಿನವರ ನಾಯಿಗಳು ಗಡಿಯವರೆಗೂ ಬೊಗಳಿ ಕಳಿಸಿದವಂತೆ. ತಂಗಿಯ ಹಿಮ್ಮಡಿ ಬೊಬ್ಬೆಯೆದ್ದಿತ್ತು. ಅಕ್ಕ ಬಿಸಿನೀರು ತಂದಿಟ್ಟಳು.

ಮೂರು ವಾರ ಹಾಗೇ ನಡೆಯಿತು. ಒಂದು ಭಾನುವಾರ ಬೆಳಿಗ್ಗೆ ತಂಗಿ ಪೆಟ್ಟಿಗೆಗೆ ಬಟ್ಟೆ ಜೋಡಿಸತೊಡಗಿದಳು.

"ಮುಂದಿನೂರಲ್ಲಿ ಒಂದು ರೂಮು ಸಿಕ್ಕಿದೆ ಅಕ್ಕಾ. ಕೆರೆ ಕಾಣಲ್ಲ, ಹಿಂದುಗಡೆ. ಒಬ್ಬಳಿಗೆ ಸಾಕು."

ಇದನ್ನು ಕಾಯುತ್ತಲೇ ಇದ್ದ ಅಕ್ಕ ಮಡಿಸಿದ ಸೀರೆಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಾ ಹೋದಳು. ಅರ್ಧ ಪೆಟ್ಟಿಗೆ ತುಂಬಿದ ಮೇಲೆ ಕೇಳಿದಳು, "ಎಷ್ಟು ವರ್ಷದಿಂದ ಕಣೇ, ಆ ಪಾಸು?"

"ಕೆಲಸಕ್ಕೆ ಸೇರಿದಾಗಿಂದ."

"ನನಗೊಂದು ಮಾತು ಹೇಳ್ಬಾರ್ದಿತ್ತಾ? ಊರಿಗೆಲ್ಲ ಬುದ್ಧಿ ಹೇಳ್ಕೊಂಡು ಕೂತಿದ್ದೆನಲ್ಲೇ ನಾನು. ನಮ್ಮನೇಲಿ ಇಲ್ಲ ಅಂತ."

ತಂಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಅವಳಿಗೆ ಸಿಟ್ಟಿರಲಿಲ್ಲ.

"ಎಂಟು ವರ್ಷದವಳಿದ್ದಾಗಿಂದ ದಿನಾ ಊಟಕ್ಕೆ ಕೂತಾಗ ಕೇಳಿದೀನಿ ಅಕ್ಕಾ. ಇದು ಊರಲ್ಲ, ಇಲ್ಲಿಯವರು ಮನುಷ್ಯರಲ್ಲ, ಥೂ ಇವರ ಜನ್ಮಕ್ಕೆ ಅಂತ. ಎಲ್ಲಾ ನಿನ್ನ ಬಾಯಿಂದಾನೇ. ಅಷ್ಟು ಕೇಳಿ ಬೆಳೆದ ಮೇಲೆ ಈ ಊರಿನ ಹೆಸರು ಕುತ್ತಿಗೆಗೆ ಹಾಕ್ಕೊಂಡು ಹ್ಯಾಗೆ ತಿರುಗ್ಲಿ ಹೇಳು?"

ಅಕ್ಕ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಪೆಟ್ಟಿಗೆಯ ಒಂದು ಹಿಡಿಯನ್ನು ತಂಗಿ ಹಿಡಿದಳು, ಇನ್ನೊಂದನ್ನು ಅಕ್ಕ ಹಿಡಿದಳು. ಇಬ್ಬರೂ ಮುಂದಿನೂರಿನ ರಸ್ತೆಗೆ ಇಳಿದರು.