ಗಂಟಲಿನ ಮೂಳೆ

ನನ್ನ ಗಂಡನಿಗೆ ನನಗಿಂತ ಮೀನಿನ ಮೇಲೇ ಮೋಹ ಹೆಚ್ಚು. ಹೊಟ್ಟೆಯ ಗಡ್ಡೆ ಹಾಸಿಗೆ ಹಿಡಿಸಿದ ಮೇಲೂ ಅದೇ ಜಪ. ಮುಂದಿನ ಕೋಣೆಯ ತೊಟ್ಟಿಯಲ್ಲಿರುವ ಹಳದಿ ಗಲ್ಲದ ಜೋಡಿ ದಕ್ಷಿಣ ಅಮೆರಿಕದ ಒಂದೇ ಒಂದು ಹೊಳೆಯಲ್ಲಿದ್ದ ಸಿಕ್ಲಿಡ್ ಎಂಬ ಮೀನಂತೆ, ಅಣೆಕಟ್ಟು ಕಟ್ಟಿದ ಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲವಂತೆ. ಮೀನು ಸಾಕುವ ಗೆಳೆಯರೆಲ್ಲ ಹಲ್ಲು ಬಿಟ್ಟು ನಕ್ಕಿದ್ದರು.

"ನಾನು ಕಣ್ಣು ಮುಚ್ಚೋದ್ರೊಳಗೆ ಹೌದೋ ಅಲ್ವೋ ತಿಳ್ಕೊಂಡು ಬಾರೇ," ಎಂದರು ನನ್ನವರು.

ಗಂಡು ಮೀನು ಆಗಲೇ ಸತ್ತಿತ್ತು, ಎಸೆದೂ ಆಗಿತ್ತು. ಹೆಣ್ಣು ಬಾಯಿ ಬಿಗಿದುಕೊಂಡು ಮೂಲೆ ಹಿಡಿದಿತ್ತು, ಮೇವು ಮುಟ್ಟುತ್ತಿರಲಿಲ್ಲ. ಗಾಯದ ಮೇಲೆ ಬರೆ ಯಾಕೆಂದು ಎರಡು ಸಂಗತಿಯನ್ನೂ ಅವರಿಂದ ಮುಚ್ಚಿಟ್ಟಿದ್ದೆ. ಉಳಿದದ್ದನ್ನು ಬಕೆಟ್ಟಿಗೆ ಹಾಕಿಕೊಂಡು ಮೈದುನನ ಹತ್ತಿರ ಹೋದೆ.

ಮೈದುನ ಸಂಗ್ರಹಾಲಯದಲ್ಲಿ ಮೀನಿನ ಜಾತಿ ಗುರುತಿಸುವವನು. ಕೋಣೆ ತುಂಬ ಗಾಜಿನ ಬಾಟಲಿಗಳು, ಸ್ಪಿರಿಟ್ಟಿನ ವಾಸನೆ, ಬಣ್ಣ ಕಳೆದುಕೊಂಡ ಮೀನುಗಳು. ಬದುಕಿರುವ ಮೀನು ಅವನ ಮೇಜಿಗೆ ಬರುವುದೇ ಇಲ್ಲ.

"ಅತ್ತಿಗೆ, ಅಂಗಡಿಲಿ ಸಿಗೋದೂ ಇದೂ ಮೇಲ್ನೋಟಕ್ಕೆ ಒಂದೇ. ಗಂಟಲಿನ ಮೂಳೆ ನೋಡದೆ ಹೇಳಕ್ಕಾಗಲ್ಲ. ಅಂದ್ರೆ, ಕೊಲ್ಲಬೇಕು."

"ಹೇಗೂ ಸಾಯೋ ಮೀನು. ನಾಳೆ ಸಾಯೋದು ಇವತ್ತೇ ಸಾಯ್ಲಿ ಬಿಡು," ಎಂದೆ.

ಔಷಧಿ ಬೆರೆಸಿದ ನೀರಿನಲ್ಲಿ ಅದು ಅಲ್ಲಾಡುವುದನ್ನು ನಿಲ್ಲಿಸಿತು. ಮೈದುನ ಚಿಮುಟದಿಂದ ಬಾಯಿ ಬಿಡಿಸಿದ. ಬಿಳಿ ತಟ್ಟೆಯ ಮೇಲೆ ಏನೋ ಸುರಿಯಿತು. ಎಳ್ಳಿನಷ್ಟಿದ್ದವು, ಕಣ್ಣು ಮೂಡಿತ್ತು. ಒಂದೂ ಮಿಸುಕಲಿಲ್ಲ.

"ಅಯ್ಯಯ್ಯೋ, ಏನೋ ಇದು?"

"ಮರಿ ಅತ್ತಿಗೆ. ಬಾಯಲ್ಲಿಟ್ಕೊಂಡು ಸಾಕ್ತಿತ್ತು."

ಆಮೇಲೆ ಅವನು ನನ್ನ ಮುಖ ನೋಡಲಿಲ್ಲ. ಮೂಳೆ ಬಿಡಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ತಲೆ ಎತ್ತದೆಯೇ ಹೇಳಿದ, "ಅಣ್ಣ ಹೇಳಿದ್ದೇ ಸರಿ. ಅದೇ ಇದು."

ಮನೆಗೆ ಬಂದು, ಖಾಲಿ ಬಕೆಟ್ಟನ್ನು ಬಾಗಿಲಾಚೆಯೇ ಬಿಟ್ಟು ಅವರ ಹತ್ತಿರ ಹೋದೆ.

"ಅದೇ ಅಂತೆ ರೀ."

ಅವರ ಕಣ್ಣು ತುಂಬಿ ಬಂತು. ಎಷ್ಟೋ ದಿನದ ಮೇಲೆ ನಕ್ಕರು. "ತೊಟ್ಟಿಗೆ ಬಿಟ್ಟೆಯಾ? ಮೇವು ತಿಂತಾ?"

"ಬಿಟ್ಟೆ," ಎಂದೆ. ಬಾಯಿ ತಪ್ಪಿ, "ಮೇವು ಮಾತ್ರ ವಾರದಿಂದ ಮುಟ್ಟಿಲ್ಲ," ಎಂದೂ ಅಂದುಬಿಟ್ಟೆ.

"ಅಯ್ಯೋ ಹುಚ್ಚಿ, ಮೊದಲೇ ಹೇಳಬಾರದಿತ್ತಾ! ಅದೇ ಜಾತಿ ಆದ್ರೆ ಬಾಯಲ್ಲಿ ಮರಿ ಇರತ್ತೆ ಕಣೇ. ಅದಾಗೇ ಉಗುಳೋವರೆಗೂ ಯಾರೂ ಕೈ ಹಾಕಬೇಡಿ."

"ಹೂಂ," ಎಂದೆ. ಮುಂದಿನ ಕೋಣೆಗೆ ಹೋಗಿ, ಅವರಿಗೆ ಸದ್ದು ಕೇಳಲೆಂದು ಬರೀ ನೀರಿಗೆ ಗಾಳಿಯ ಪಂಪು ಹಾಕಿದೆ.

ಕಣ್ಣು ಮುಚ್ಚುವವರೆಗೂ ದಿನಾ ಕೇಳಿದರು, "ಮರಿ ಬಿಡ್ತಾ?"

"ಇನ್ನೂ ಇಲ್ಲ ರೀ," ಎಂದು ದಿನಾ ಹೇಳಿದೆ.