ಮಧ್ಯಾಹ್ನ ಎರಡು ಗಂಟೆಯ ಪಾರ್ಕು

ನಮ್ಮ ಬೀದಿಯ ಕೊನೆಯಲ್ಲಿ ಒಂದು ಪಾರ್ಕು ಇದೆ. ದೊಡ್ಡದೇನಲ್ಲ. ಎರಡು ಉಯ್ಯಾಲೆ, ಒಂದು ಜಾರುಬಂಡೆ, ನಾಲ್ಕು ಸಿಮೆಂಟ್ ಬೆಂಚು, ಸುತ್ತಲೂ ನಡೆಯುವ ದಾರಿ. ಗಟ್ಟಿಮುಟ್ಟಾದವರು ಎರಡೇ ನಿಮಿಷದಲ್ಲಿ ಒಂದು ಸುತ್ತು ಹಾಕಿಬಿಡಬಹುದು. ಒಂದು ಸೋಮವಾರ ಬೆಳಿಗ್ಗೆ ಅದರ ಗೇಟಿಗೆ ಯಾರೋ ನೋಟಿಸು ಅಂಟಿಸಿ ಹೋಗಿದ್ದರು. ‘ಈ ಜಾಗವನ್ನು ವಾಹನ ನಿಲುಗಡೆಗೆ ಬಳಸಲು ಉದ್ದೇಶಿಸಲಾಗಿದೆ. ಆಕ್ಷೇಪಣೆ ಇದ್ದವರು ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.’

ಪಾರ್ಕಿನ ಎದುರಿಗೇ ಟೈಲರಮ್ಮನ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಸಂಸಾರ. ಗಂಡ ಬಸ್ ಕಂಡಕ್ಟರ್. ನೋಟಿಸಿನ ವಿಷಯ ಕೇಳಿ ಅವನು ಶೂ ದಾರ ಬಿಗಿಯುತ್ತಾ ಹೇಳಿದ:

“ಹೋದ್ರೆ ಹೋಗ್ಲಿ ಬಿಡೇ. ಯಾರು ಹೋಗ್ತಾರೆ ಆ ಪಾರ್ಕಿಗೆ? ನಾನು ಡ್ಯೂಟಿಗೆ ಹೋಗುವಾಗ್ಲೂ ಖಾಲಿ, ಬರುವಾಗ್ಲೂ ಖಾಲಿ.”

“ನೀವು ಹೋಗೋದು ಬೆಳಗಿನ ಜಾವ, ಬರೋದು ಊರೆಲ್ಲ ಮಲಗಿದ ಮೇಲೆ. ಆಗ ಅಲ್ಲಿ ಯಾರಿರ್ಬೇಕಿತ್ತು, ದೆವ್ವಗಳಾ?”

ಅವನು ನಕ್ಕು ಹೊರಟುಹೋದ. ಆದರೆ ಒಳಕೋಣೆಯ ಮಂಚದ ಮೇಲೆ ಕೂತಿದ್ದ ಅತ್ತೆ ನಗಲಿಲ್ಲ.

ಈ ಅತ್ತೆ ಮೂವತ್ತೆರಡು ವರ್ಷ ಶಾಲೆಯಲ್ಲಿ ಆಟ, ಕವಾಯತು ಕಲಿಸಿದವರು. ಊರಿಗೆಲ್ಲ ಡ್ರಿಲ್ ಮಿಸ್. ಬೀದಿಯ ಅರ್ಧ ಜನ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರೆ ಅದು ಇವರ ದಯೆ. ಐದು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. “ದಿನಾ ಅರ್ಧ ಗಂಟೆ ಸಮನೆಲದ ಮೇಲೆ ನಡೀಬೇಕಮ್ಮ. ಕೂತುಬಿಟ್ರೆ ಕಾಲು ಬಿಗಿದುಕೊಳ್ಳುತ್ತೆ, ಆಮೇಲೆ ನೀವು ಕರೆದರೂ ಬರಲ್ಲ,” ಎಂದಿದ್ದರು ಡಾಕ್ಟರ್.

ಎಲ್ಲಿ ನಡೆಯುವುದು? ಬೀದಿಯಲ್ಲಿ ಚರಂಡಿಯ ಚಪ್ಪಡಿಗಳು ಒಂದು ಮೇಲೆ, ಒಂದು ಕೆಳಗೆ. ಸ್ಕೂಟರುಗಳು ಮೊಣಕೈ ಸವರಿಕೊಂಡು ಹೋಗುತ್ತವೆ. ಸಮನೆಲ ಇದ್ದದ್ದು ಪಾರ್ಕಿನಲ್ಲಿ ಮಾತ್ರ. ಆದರೆ ನಾಲ್ಕು ಕಾಲಿನ ವಾಕರ್ ಹಿಡಿದು, ಮಗು ಹೆಜ್ಜೆ ಕಲಿಯುವಂತೆ ನಡೆಯುವುದನ್ನು ತನ್ನ ಹಳೆಯ ವಿದ್ಯಾರ್ಥಿಗಳು ನೋಡುವುದು ಅತ್ತೆಗೆ ಬೇಡವಾಗಿತ್ತು. ಅದಕ್ಕೇ ಬೀದಿ ನಿರ್ಜನವಾಗುವ ಮಧ್ಯಾಹ್ನ ಎರಡು ಗಂಟೆಗೆ ಸೊಸೆಯ ಜೊತೆ ಹೋಗಿ ಬರುತ್ತಿದ್ದರು. ಮಗನಿಗೂ ಹೇಳಕೂಡದು ಎಂದು ಸೊಸೆಗೆ ಕಟ್ಟಪ್ಪಣೆ. ಮನೆಯಲ್ಲೇ ಗೋಡೆ ಹಿಡಿದು ವ್ಯಾಯಾಮ ನಡೆಯುತ್ತಿದೆ ಎಂದು ಅವನು ತಿಳಿದಿದ್ದ. ರಜೆಯ ದಿನವೂ ಆ ಹೊತ್ತಿಗೆ ಅವನು ಉಂಡು ಗಾಢ ನಿದ್ದೆಯಲ್ಲಿರುತ್ತಿದ್ದ.

“ಈಗೇನೇ ಮಾಡೋದು?” ಎಂದರು ಅತ್ತೆ, ಕವಾಯತಿನಲ್ಲಿ ಹುಡುಗರ ಕಾಲು ನಡುಗಿಸಿದ್ದ ಆ ದನಿಯನ್ನು ತಗ್ಗಿಸಿ.

ಆ ವಾರವೇ ಸ್ಥಳ ನೋಡಲು ಎಂಜಿನಿಯರ್ ಸಾಹೇಬರು ಬರುತ್ತಾರೆಂದು ತಿಳಿಯಿತು. ಬೀದಿಯವರೆಲ್ಲ ಸೆರಗು ಕಟ್ಟಿದರು, ತೋಳು ಮಡಚಿದರು. ಕಸ ಗುಡಿಸಿದರು. ಒಣಗಿದ ಎಲೆ ಒಂದೂ ಉಳಿಯಲಿಲ್ಲ. ಉಯ್ಯಾಲೆಯ ಕೆಳಗೆ ಮಕ್ಕಳ ಕಾಲು ತಾಗಿ ಆಗಿದ್ದ ಗುಂಡಿಗಳನ್ನೂ ಮಣ್ಣು ತುಂಬಿ ಮುಚ್ಚಿದರು. “ಹೋಗ್ರೋ, ಸಾಹೇಬ್ರು ಬಂದು ಹೋಗೋವರೆಗೂ ಯಾರೂ ಈ ಕಡೆ ತಲೆ ಹಾಕ್ಬಾರ್ದು,” ಎಂದು ಮಕ್ಕಳನ್ನು ಅಟ್ಟಿದರು. ಬೆಂಚಿನ ಮೇಲೆ ದಿನಾ ಹರಟುವ ಮುದುಕರನ್ನೂ ಎಬ್ಬಿಸಿ ಕಳಿಸಿದರು. ಇಸ್ತ್ರಿ ಅಂಗಡಿಯ ಅಣ್ಣ ಗೇಟಿಗೆ ಬೀಗ ಹಾಕಿ ಕೀ ಹಿಡಿದು ನಿಂತ.

ಎಂಜಿನಿಯರ್ ಹನ್ನೊಂದಕ್ಕೆ ಬಂದರು. ಬೀಗ ತೆಗೆಸಿಕೊಂಡು ಒಳಗೆ ಹೋದರು. ಸುತ್ತ ನೋಡಿದರು.

“ತುಂಬಾ ಚೆನ್ನಾಗಿಟ್ಟಿದ್ದೀರಿ ಕಣ್ರೀ. ಒಂದು ಹೆಜ್ಜೆ ಗುರುತೂ ಇಲ್ಲ,” ಎಂದರು. ಮೆಚ್ಚಿಕೊಂಡೇ ಹೇಳಿದರು. ಹೇಳಿ, ಕಾಗದದ ಮೇಲೆ ಬರೆದುಕೊಂಡರು: ಸಾರ್ವಜನಿಕ ಬಳಕೆ ತೀರಾ ಕಡಿಮೆ.

ಸಂಜೆ ಟೈಲರಮ್ಮನ ಅಂಗಡಿಗೆ ಅವಳ ದೊಡ್ಡಪ್ಪನ ಮಗಳು ಬಂದಳು, ಕೆಲಸದ ಕೋಟಿಗೆ ಗುಂಡಿ ಹಾಕಿಸಿಕೊಳ್ಳಲು. ಅವಳು ಊರಿನ ಇನ್ನೊಂದು ಭಾಗದಲ್ಲಿ ಏಳು ಪಾರ್ಕುಗಳ ಮೇಲ್ವಿಚಾರಕಿ. ಮನೆಮಂದಿಯೆಲ್ಲ ಅವಳನ್ನು ಕರೆಯುವುದೇ ಪಾರ್ಕಕ್ಕ ಎಂದು. ನಡೆದದ್ದನ್ನು ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಲ್ವೇ, ನಿನ್ನ ಅಂಗಡಿ ಎಷ್ಟು ಚೆನ್ನಾಗಿ ನಡೀತಿದೆ ಅಂತ ತೋರ್ಸೋಕೆ ಗಿರಾಕಿಗಳನ್ನೆಲ್ಲ ಹೊರಗೆ ಅಟ್ತೀಯಾ?”

“ಗಲೀಜಾಗಿದ್ರೆ ಬೈತಾರೆ ಅಂತ ಮಾಡಿದ್ವಿ ಅಕ್ಕ.”

“ಉಯ್ಯಾಲೆ ಕೆಳಗಿನ ಗುಂಡಿ ಗಲೀಜಲ್ಲ ಕಣೇ, ಅದು ಸಾಕ್ಷಿ. ನೀವೇ ಮುಚ್ಚಿಬಿಟ್ರಿ.” ನಗು ನಿಲ್ಲಿಸಿ ಅವಳು ಸ್ಟೂಲು ಎಳೆದುಕೊಂಡು ಕೂತಳು. “ನೋಡು, ಆ ಎಂಜಿನಿಯರ್ ಕೆಟ್ಟೋರಲ್ಲ. ಕಣ್ಣಿಗೆ ಕಂಡಿದ್ದು ಬರೆದ್ರು. ಕಾಣದೇ ಇರೋದನ್ನ ನೀವು ಬರೆದು ಕೊಡ್ಬೇಕು. ಪಾರ್ಕು ಕೆಲಸದೋರದ್ದೇ ಒಂದು ಸಂಘ ಇದೆ. ನಾವು ಆಗಾಗ ಸೇರ್ತೀವಿ, ಒಬ್ಬರು ಕಲಿತಿದ್ದು ಇನ್ನೊಬ್ಬರಿಗೆ ಹೇಳ್ತೀವಿ. ಅಲ್ಲಿ ಕೊಟ್ಟ ಹಾಳೆ ನನ್ನ ಹತ್ರ ಇದೆ, ಜೆರಾಕ್ಸ್ ಮಾಡಿಸ್ಕೊ.”

ಹಾಳೆ ತುಂಬ ಸರಳವಾಗಿತ್ತು. ಎಡಕ್ಕೆ ಬೆಳಗಿನ ಆರರಿಂದ ರಾತ್ರಿ ಎಂಟರವರೆಗೆ ಗಂಟೆಗಳು. ಮೇಲೆ ಮಕ್ಕಳು, ಹೆಂಗಸರು, ಗಂಡಸರು, ಹಿರಿಯರು ಎಂಬ ಮನೆಗಳು, ಬಂದವರಿಗೆ ತಲೆಗೊಂದು ಗೀಟು. ಕೊನೆಯಲ್ಲಿ, ಏನು ಮಾಡುತ್ತಿದ್ದರು? ನಡಿಗೆ, ಆಟ, ಸುಮ್ಮನೆ ಕೂತಿರುವುದು.

“ಸುಮ್ಮನೆ ಕೂತಿರೋದನ್ನೂ ಬರೀಬೇಕಾ?” ಎಂದಳು ಟೈಲರಮ್ಮ.

“ಬರೀಲೇಬೇಕು. ಸುಮ್ಮನೆ ಕೂರೋಕೆ ಜಾಗ ಸಿಗೋದು ಸಣ್ಣ ವಿಷಯಾನಾ? ಏಳು ದಿನ ಬರೀರಿ, ರಜಾ ದಿನಾನೂ ಸೇರಿ. ಯಾರ ಹೆಸರೂ ಬೇಡ, ಯಾರನ್ನೂ ಏನೂ ಕೇಳೋದು ಬೇಡ, ತಲೆ ಎಣಿಸಿದ್ರೆ ಸಾಕು. ಒಬ್ಬರನ್ನ ಇಬ್ಬರು ಅಂತ ಬರೀಬೇಡಿ, ಒಂದು ಸುಳ್ಳು ಸಿಕ್ಕಿದ್ರೆ ಇಡೀ ಹಾಳೆ ಬುಟ್ಟಿಗೆ. ಆಕ್ಷೇಪಣೆ ಅರ್ಜಿ ಜೊತೆ ಇದನ್ನ ಸೇರಿಸಿ ಕೊಡಿ, ಮೊಹರು ಹಾಕಿದ ಸ್ವೀಕೃತಿ ಇಲ್ದೆ ಕಚೇರಿ ಮೆಟ್ಟಿಲು ಇಳೀಬೇಡಿ. ಆಮೇಲೆ ವಾರ್ಡ್ ಸಭೆಗೆ ಹೋಗಿ ಒಬ್ಬರು ಮಾತಾಡಿ. ಎಲ್ಲರೂ ಒಟ್ಟಿಗೆ ಕೂಗಿದ್ರೆ ಯಾರ ಕಿವಿಗೂ ಬೀಳಲ್ಲ. ಇನ್ನೊಂದು, ಗಾಡಿ ನಿಲ್ಲಿಸೋ ಕಷ್ಟ ಇರೋದೂ ನಿಜ. ಅದಕ್ಕೆ ಬೇರೆ ಜಾಗ ಎಲ್ಲಿದೆ ಅಂತ ನೀವೇ ಹುಡುಕಿ ತೋರಿಸಿ.”

ಬೀದಿಯವರು ಹೊತ್ತು ಹಂಚಿಕೊಂಡರು. ಬೆಳಗಿನ ಸರದಿ ಹಾಲಿನ ಬೂತಿನವರದು. ಸಂಜೆ ಇಸ್ತ್ರಿ ಅಣ್ಣನದು. ಮಧ್ಯಾಹ್ನ ಟೈಲರಮ್ಮನದು. ಆರನೆಯ ದಿನ ಅವಳಿಗೆ ಸಂಜೆಯೊಳಗೆ ಶಾಲೆಯ ಸಮವಸ್ತ್ರಗಳನ್ನು ಹೊಲಿದು ಒಪ್ಪಿಸುವುದಿತ್ತು. ಅದೇ ದಿನ ಗಂಡನಿಗೆ ವಾರದ ರಜೆ.

“ನಾನಾ? ಮಧ್ಯಾಹ್ನ ಎರಡು ಗಂಟೆಗಾ?” ಎಂದ ಕಂಡಕ್ಟರ್. “ಈ ಬಿಸಿಲಲ್ಲಿ ಕಾಗೇನೂ ಬರಲ್ಲ ಕಣೇ. ಖಾಲಿ ಹಾಳೆ ತಂದು ಕೊಡ್ತೀನಿ, ಬೇಜಾರು ಮಾಡ್ಕೋಬೇಡ.”

“ಬಸ್ಸಲ್ಲಿ ತಲೆ ಎಣಿಸ್ತೀರಲ್ಲ, ಹಾಗೇ ಎಣಿಸಿ. ಖಾಲಿ ಇದ್ರೆ ಖಾಲಿ ಅಂತಾನೇ ಬರೀರಿ.”

ಅವನು ಹೋದ ಮೇಲೆ ಅವಳು ಅತ್ತೆಯ ಹತ್ತಿರ ಬಂದಳು. “ಅತ್ತೆ, ಇವತ್ತು ನಿಮ್ಮ ಮಗ ಅಲ್ಲಿ ಕೂತಿರ್ತಾರೆ. ಒಂದಿನ ಬಿಟ್ಟುಬಿಡೋಣ್ವಾ?”

ಅತ್ತೆ ತಮ್ಮ ಕಾಲನ್ನು ನೋಡಿಕೊಂಡರು.

“ಐದು ದಿನದಿಂದ ನಿನ್ನ ಹಾಳೇಲಿ ನನ್ನ ಗೀಟು ಇದೆ ಅಲ್ವಾ?”

“ಇದೆ ಅತ್ತೆ.”

“ಇವತ್ತು ಮಗನಿಗೆ ನಾಚಿಕೊಂಡು ತಪ್ಪಿಸಿಕೊಂಡ್ರೆ ಆ ಹಾಳೆ ಸುಳ್ಳು ಹೇಳಿದ ಹಾಗೆ. ಮೂವತ್ತೆರಡು ವರ್ಷದಲ್ಲಿ ಒಂದು ದಿನಾನೂ ನಾನು ಸುಳ್ಳು ಹಾಜರಿ ಹಾಕಿದೋಳಲ್ಲ. ವಾಕರ್ ಕೊಡು.”

ಕಂಡಕ್ಟರ್ ಮರದ ನೆರಳಿನ ಬೆಂಚಿನಲ್ಲಿ ಕೂತು ಆಕಳಿಸುತ್ತಿದ್ದ. ಒಂದೂಮುಕ್ಕಾಲಿನಿಂದ ಒಬ್ಬೊಬ್ಬರೇ ಬರತೊಡಗಿದರು. ಆಸ್ಪತ್ರೆಯಲ್ಲಿ ನೆಲ ಒರೆಸುವ ಮೂವರು ಹೆಂಗಸರು ಊಟದ ಡಬ್ಬಿ ಬಿಚ್ಚಿದರು. ತುಂಬು ಗರ್ಭಿಣಿಯೊಬ್ಬಳು ಮೆಲ್ಲಗೆ ಸುತ್ತು ಹಾಕಿದಳು. ಒಬ್ಬ ತಾಯಿ ಹತ್ತು ವರ್ಷದ ಮಗಳನ್ನು ಕರೆತಂದಳು. ಗದ್ದಲ ಕೇಳಿದರೆ ಕಿವಿ ಮುಚ್ಚಿಕೊಂಡು ಅಳುವ ಮಗು, ಯಾರೂ ಇಲ್ಲದ ಉಯ್ಯಾಲೆಯಲ್ಲಿ ಕಣ್ಣು ಮುಚ್ಚಿ ಜೀಕುತ್ತಿತ್ತು. ಮೂಲೆಯ ಬೆಂಚಿನಲ್ಲಿ ಇಸ್ತ್ರಿ ಶರಟಿನವನೊಬ್ಬ ಫೈಲು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕೆಲಸ ಹೋಗಿದ್ದನ್ನು ಮನೆಯಲ್ಲಿ ಹೇಳದವನ ಮುಖ ಅದು. ಅಂಥ ಮುಖಗಳನ್ನು ಕಂಡಕ್ಟರ್ ಬಸ್ಸಿನಲ್ಲಿ ಎಷ್ಟೋ ನೋಡಿದ್ದ. ಏನೂ ಕೇಳಲಿಲ್ಲ. ಗಂಡಸು, ಒಬ್ಬರು, ಸುಮ್ಮನೆ ಕೂತಿದ್ದರು ಎಂದು ಗೀಟು ಎಳೆದ.

ತಲೆ ಎತ್ತಿದಾಗ ಗೇಟಿನಲ್ಲಿ ಅವನ ತಾಯಿ.

ವಾಕರ್ ಮುಂದಿಟ್ಟು, ಒಂದು ಹೆಜ್ಜೆ. ನಿಂತು, ಇನ್ನೊಂದು. ಹಿಂದೆ ಹೆಂಡತಿ. ಅವನು ದಡಕ್ಕನೆ ಎದ್ದು ಓಡಿದ.

“ಅಮ್ಮಾ! ನೀನ್ಯಾಕೆ ಇಲ್ಲಿಗೆ... ಹಿಡ್ಕೋ, ಕೈ ಹಿಡ್ಕೋ.”

“ಕೈ ಬಿಡು. ಮೂರು ತಿಂಗಳಿಂದ ನಡೀತಿದೀನಿ, ಮೊದಲು ಅರ್ಧ ಸುತ್ತು, ಈಗ ಮೂರು ಸುತ್ತು.”

“ನನಗೆ ಯಾರೂ ಹೇಳ್ಲೇ ಇಲ್ವಲ್ಲ!”

“ನಾನೇ ಹೇಳ್ಬೇಡ ಅಂದಿದ್ದೆ. ಅವಳನ್ನ ನೋಡಬೇಡ, ಹಾಳೆ ನೋಡು. ನಿನ್ನ ಕೆಲಸ ಎಣಿಸೋದು ತಾನೆ? ಬರ್ಕೋ. ಹಿರಿಯರು, ಒಬ್ಬರು, ನಡಿಗೆ.”

ಅವನು ಬರೆದುಕೊಂಡ. ಆಮೇಲೆ ತಾಯಿಯ ಪಕ್ಕದಲ್ಲೇ, ಮುಟ್ಟದೆ, ಅವರ ಹೆಜ್ಜೆಯ ಅಳತೆಗೆ ತನ್ನ ಹೆಜ್ಜೆ ಸಣ್ಣದು ಮಾಡಿಕೊಂಡು ಮೂರು ಸುತ್ತು ಬಂದ. ಅಷ್ಟರಲ್ಲಿ ಇನ್ನೂ ಕೆಲವರು ಬಂದಿದ್ದರು, ಮೂರು ಗಂಟೆಗೆ ಅವನ ಹಾಳೆಯಲ್ಲಿ ಹದಿನಾಲ್ಕು ಗೀಟುಗಳಿದ್ದವು. ಅವನ್ನು ಎರಡು ಸಲ ಎಣಿಸಿದ.

ಏಳು ದಿನ ಮುಗಿದ ಮೇಲೆ ಟೈಲರಮ್ಮ ಅರ್ಜಿಯ ಜೊತೆ ಹಾಳೆಗಳನ್ನು ಕಚೇರಿಗೆ ಕೊಟ್ಟು ಸ್ವೀಕೃತಿ ತಂದಳು. ವಾರ್ಡ್ ಸಭೆಯಲ್ಲಿ ಬೀದಿಯವರ ಪರವಾಗಿ ಮಾತಾಡಲು ಎದ್ದವನು ಅವನೇ. ಏಳು ದಿನದಲ್ಲಿ ಸಾವಿರದ ನಲವತ್ತಾರು ಸಲ ಜನ ಬಂದು ಹೋಗಿದ್ದನ್ನು ಗಂಟೆಗಂಟೆಯ ಲೆಕ್ಕದಲ್ಲಿ ಓದಿದ. ಹಳೆಯ ನೀರಿನ ಟ್ಯಾಂಕಿನ ಹಿಂದೆ ಪಾಳು ಬಿದ್ದಿರುವ ಅಂಗಳದಲ್ಲಿ ಗಾಡಿ ನಿಲ್ಲಿಸಬಹುದೆಂದು ಅಳತೆ ಸಮೇತ ಹೇಳಿದ.

“ಬೆಳಿಗ್ಗೆ, ಸಂಜೆ ಸರಿ ಕಣ್ರೀ,” ಎಂದರು ಎಂಜಿನಿಯರ್. “ಮಧ್ಯಾಹ್ನ ಎರಡಕ್ಕೆ ಹದಿನಾಲ್ಕು ಜನ? ಬಿಸಿಲಲ್ಲಿ ಯಾರು ಬರ್ತಾರೆ?”

ಕಂಡಕ್ಟರ್ ಹಾಳೆಯ ಆ ಸಾಲಿನ ಮೇಲೆ ಬೆರಳಿಟ್ಟ. ಹೆಸರು ಹೇಳುವುದು ತನ್ನ ಹಕ್ಕಲ್ಲ ಎಂದು ಅವನಿಗೆ ಗೊತ್ತಿತ್ತು. ಸಭೆಯ ಹಿಂದಿನ ಸಾಲಿನಲ್ಲಿ ವಾಕರಿನ ಕಾಲು ನೆಲಕ್ಕೆ ಊರಿದ ಸದ್ದಾಯಿತು.

“ನಾನು ಬರ್ತೀನಿ,” ಎಂದರು ಅತ್ತೆ.

ಪಾರ್ಕಿಂಗ್ ಬೇಕೆಂದು ಅರ್ಜಿ ಕೊಟ್ಟಿದ್ದ ಬಟ್ಟೆ ಅಂಗಡಿಯ ಯಜಮಾನ ತಿರುಗಿ ನೋಡಿ, ತನಗೇ ಗೊತ್ತಿಲ್ಲದ ಹಾಗೆ ಎದ್ದು ನಿಂತ. “ಡ್ರಿಲ್ ಮಿಸ್! ಏನಾಯ್ತು ಮಿಸ್ ನಿಮಗೆ?”

“ಬಿದ್ದೆ ಕಣಪ್ಪಾ. ಈಗ ಏಳ್ತಾ ಇದೀನಿ. ನೀವೆಲ್ಲ ನೋಡ್ಬಾರ್ದು ಅಂತ ಎರಡು ಗಂಟೆಗೆ ಬರ್ತಿದ್ದೆ. ನಾನು ಬಚ್ಚಿಟ್ಟುಕೊಂಡಿದ್ದಕ್ಕೆ ನಿಮಗೆ ಪಾರ್ಕು ಖಾಲಿ ಕಂಡಿತು. ತಪ್ಪು ನಂದೂ ಇದೆ.” ಉಸಿರು ತೆಗೆದುಕೊಂಡು ಎಂಜಿನಿಯರ್ ಕಡೆ ತಿರುಗಿದರು. “ಹೇಳದೇ ಕೇಳದೇ ಒಂದಿನ ಬನ್ನಿ ಸರ್. ಈ ಸಲ ಯಾರೂ ಕಸ ಗುಡಿಸಲ್ಲ.”

ಸಭೆ ನಕ್ಕಿತು. ಎಂಜಿನಿಯರ್ ಕೂಡ ನಕ್ಕರು. ಮುಂದಿನ ವಾರ ಅವರು ನಿಜಕ್ಕೂ ಬಂದರು, ಎರಡು ಗಂಟೆಗೆ, ಒಬ್ಬರೇ. ಅತ್ತೆ ಅವರಿಗಾಗಿ ನಿಲ್ಲಲಿಲ್ಲ. ಮಾತಾಡಬೇಕಾದರೆ ಅವರೇ ಪಕ್ಕದಲ್ಲಿ ನಡೆಯಬೇಕಾಯಿತು. ತಿಂಗಳು ಕಳೆದ ಮೇಲೆ ಕಚೇರಿಯಿಂದ ಪತ್ರ ಬಂತು. ಪಾರ್ಕು ಪಾರ್ಕಾಗಿಯೇ ಉಳಿಯುತ್ತದೆ. ಟ್ಯಾಂಕಿನ ಹಿಂದಿನ ಅಂಗಳವನ್ನು ವಾಹನಗಳಿಗಾಗಿ ಪರಿಶೀಲಿಸಲಾಗುವುದು. ನಡೆಯುವ ದಾರಿಯ ಒಂದು ಬದಿಗೆ ಹಿಡಿಕಂಬಿ ಹಾಕಿಸಲಾಗುವುದು. ಕಂಬಿ ಇನ್ನೂ ಬಂದಿಲ್ಲ. ಟೈಲರಮ್ಮ ಸ್ವೀಕೃತಿ ಹಿಡಿದು ಹದಿನೈದು ದಿನಕ್ಕೊಮ್ಮೆ ಕೇಳಿ ಬರುತ್ತಿದ್ದಾಳೆ. ಅವಳಿಗೆ ಬಿಡುವಿಲ್ಲದಾಗ ಕಂಡಕ್ಟರ್ ಹೋಗುತ್ತಾನೆ.

ಅತ್ತೆ ಈಗ ಸಂಜೆ ಐದಕ್ಕೇ ಹೋಗುತ್ತಾರೆ, ಮಕ್ಕಳೆಲ್ಲ ಚೀರಾಡುವ ಹೊತ್ತಿಗೆ.

ಓದುಗರೇ, ನಿಮ್ಮ ಬೀದಿಯಲ್ಲೂ ಒಂದು ಪಾರ್ಕೋ, ಆಟದ ಬಯಲೋ ಇರಬಹುದು. ಕೆಲಸ, ಮನೆ, ಮಕ್ಕಳ ನಡುವೆ ನಮಗೆ ಅತ್ತ ನೋಡಲು ಪುರುಸೊತ್ತಿಲ್ಲ, ನಿಜ. ನಮಗೆ ಪುರುಸೊತ್ತಿಲ್ಲದ್ದಕ್ಕೇ ಅದು ಖಾಲಿ ಎಂದುಕೊಳ್ಳುವುದು ಬೇಡ. ನೀವು ಎಂದೂ ಹೋಗದ ಹೊತ್ತಿನಲ್ಲಿ ಒಂದು ದಿನ ಹೋಗಿ ಕೂತುಕೊಳ್ಳಿ. ಒಂದು ಹಾಳೆ, ಒಂದು ಪೆನ್ನು ಸಾಕು. ಬಂದವರನ್ನು ಎಣಿಸಿ, ಮುರಿದದ್ದನ್ನು ಬರೆಯಿರಿ, ಬರೆದದ್ದನ್ನು ಕಚೇರಿಗೆ ಮುಟ್ಟಿಸಿ. ಪಾರ್ಕು ನೋಡಿಕೊಳ್ಳುವ ಸಿಬ್ಬಂದಿ ಸಿಕ್ಕರೆ ನಿಲ್ಲಿಸಿ ಮಾತಾಡಿಸಿ, ಅವರಿಗೆ ದಾರಿ ಗೊತ್ತಿರುತ್ತದೆ. ಇದಕ್ಕೆ ನೋಟಿಸು ಬರುವವರೆಗೆ ಕಾಯಬೇಡಿ. ಈ ವಾರವೇ ಹೋಗಿ. ಬಾಯಿ ಬಿಟ್ಟು ಕೇಳಲು ನಾಚುವ ಯಾರೋ ಒಬ್ಬರು ಅಲ್ಲಿ ಇವತ್ತೂ ಒಂದು ಸುತ್ತು ಹೆಚ್ಚು ನಡೆಯಲು ನೋಡುತ್ತಿರುತ್ತಾರೆ.